ಶುಶ್ರೂಷಾ ಸಹಾಯಕರ ಶಿಕ್ಷಣ

ಅಮೆರಿಕದ ಶುಶ್ರೂಷಾಲಯಗಳಲ್ಲಿ ಹಾಸಿಗೆ ಹಿಡಿದ ವೃದ್ಧರಿಗೆ ಮೀಯಿಸಿ, ಉಣಿಸಿ, ಬಟ್ಟೆ ತೊಡಿಸುವ ನಿತ್ಯಕರ್ಮಗಳು ಬಹುಮಟ್ಟಿಗೆ ನರ್ಸುಗಳವಲ್ಲ, ಪ್ರಮಾಣಪತ್ರ ಪಡೆದ ಶುಶ್ರೂಷಾ ಸಹಾಯಕರವು. ಅಂಥವರಿಗೆ ಕನಿಷ್ಠ 75 ಗಂಟೆಗಳ ಶಿಕ್ಷಣವನ್ನೂ, ಅದರೊಳಗೆ 16 ಗಂಟೆಗಳ ಪ್ರಾಯೋಗಿಕ ಅಭ್ಯಾಸವನ್ನೂ, ಕೊನೆಗೊಂದು ಪರೀಕ್ಷೆಯನ್ನೂ 1987ರ ಶಾಸನವು ವಿಧಿಸಿತು. ಆ ಶಾಸನವು ಶ್ಲಾಘ್ಯವಾದುದೇ; ಆದರೆ ಆ ಅವಧಿ ಸಾಲದೆಂಬುದು ನನ್ನ ದೃಢವಾದ ಅಭಿಪ್ರಾಯ.

ತಾನಾಗಿ ಹೊರಳಲಾರದ ರೋಗಿಯನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸದೆ ಬಿಟ್ಟರೆ, ಎಲುಬು ಒತ್ತುವ ಸೊಂಟ, ಹಿಮ್ಮಡಿಗಳಲ್ಲಿ ರಕ್ತಸಂಚಾರವು ಕುಂಠಿತವಾಗಿ ಚರ್ಮವು ಕೊಳೆತು ವ್ರಣವಾಗುತ್ತದೆ. ಆ ವ್ರಣದ ಮೊದಲ ಕುರುಹಾದ, ಒತ್ತಿದರೂ ಮಾಸದ ಕೆಂಪನ್ನು ಕಂಡುಹಿಡಿಯಬೇಕಾದ ಕಣ್ಣು, ದಿನವೂ ಆ ದೇಹವನ್ನು ತೊಳೆಯುವ ಸಹಾಯಕಿಯದು. ಮರೆವಿನ ರೋಗಕ್ಕೆ ತುತ್ತಾದವರು ಸ್ನಾನಕ್ಕೆ ಹೆದರಿ ಕೈಯೆತ್ತಿದಾಗ ಅವರ ಮಾನಕ್ಕೆ ಕುಂದುಬಾರದಂತೆ ಸಂತೈಸುವ ವಿದ್ಯೆಯಾದರೋ ಪಾಠದಿಂದಷ್ಟೇ ಬರತಕ್ಕದ್ದಲ್ಲ, ಅನುಭವಿಗಳ ಪಕ್ಕದಲ್ಲಿ ನಿಂತು ಕಲಿಯತಕ್ಕದ್ದು. ಇವೆಲ್ಲಕ್ಕೂ ಎರಡು ವಾರಗಳ ಬೋಧನೆ ಸಾಕೆನ್ನುವುದು ವೃದ್ಧರಿಗೂ ಕಲಿಯಬಂದವರಿಗೂ ಅನ್ಯಾಯ.

ಅಲ್ಲಿಯ ವೈದ್ಯಕೀಯ ಸಂಸ್ಥೆಯಾದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ಈ ಮಿತಿಯನ್ನು 120 ಗಂಟೆಗಳಿಗಾದರೂ ಏರಿಸಬೇಕೆಂದು 2008ರಲ್ಲಿಯೇ ಸಲಹೆಯಿತ್ತಿತು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಅದಕ್ಕೂ ಮಿಗಿಲಾದ ಅವಧಿಯನ್ನು ತಾವಾಗಿಯೇ ಗೊತ್ತುಮಾಡಿವೆ. ಒಕ್ಕೂಟದ ಸರ್ಕಾರವು ಇನ್ನು ತಡಮಾಡದೆ ಆ ಸಲಹೆಯನ್ನು ಅಂಗೀಕರಿಸಿ, ಹೆಚ್ಚಿದ ಗಂಟೆಗಳ ವೆಚ್ಚವು ಅಲ್ಪವೇತನದ ಅಭ್ಯರ್ಥಿಗಳ ಹೆಗಲಿಗೆ ಬೀಳದಂತೆ ಶುಶ್ರೂಷಾಲಯಗಳಿಗೆ ನೆರವು ನೀಡತಕ್ಕದ್ದು.