ಕಾರ್ಬೊರೇಟರ್ ಬಿಚ್ಚೋಕೆ ಮುಂಚೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ

ಈಗ ಯಾವ ಹಳೇ ಗಾಡಿ ಮುಗ್ಗರಿಸಿದರೂ ಒಂದೇ ಉತ್ತರ ರೆಡಿ ಇರುತ್ತೆ. "ಇ20 ಪೆಟ್ರೋಲ್ ಅಣ್ಣ, ಏನೂ ಮಾಡಕ್ಕಾಗಲ್ಲ." ಹಾಸನದಲ್ಲೂ ಇದೇ ಮಾತು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲೂ ಇದೇ. ಈ ಮಾತಿನಲ್ಲಿ ಅರ್ಧ ನಿಜ ಇದೆ. ಇನ್ನರ್ಧ ಸೋಮಾರಿತನ. ಆ ಸೋಮಾರಿತನಕ್ಕೆ ದುಡ್ಡು ಕೊಡೋರು ನಾವು. ಅದಕ್ಕೇ ಇವತ್ತು ಬೆಳೆ ವಿಚಾರ ಬಿಟ್ಟು ಇದನ್ನ ಬರೀತಿದೀನಿ.

ನಮ್ಮ ಕಡೆ ಸ್ಪೋರ್ಟ್ಸ್ ಗಾಡಿ ಅಂದ್ರೆ ಹಳಬರಿಗೆ ನೆನಪಾಗೋದು ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಗಾಡಿ ತಯಾರಾಗ್ತಿತ್ತು, 1996ಕ್ಕೆ ಬಾಗಿಲು ಹಾಕಿತು. ರೋಡ್‌ಕಿಂಗ್ ಬಂದಿದ್ದು 1978ರಲ್ಲಿ. 250 ಸಿಸಿ, ಟೂ ಸ್ಟ್ರೋಕ್, ಎರಡು ಸೈಲೆನ್ಸರ್, ಕಿಕ್ಕರೂ ಗೇರೂ ಒಂದೇ ಲಿವರು. ಮೈಸೂರು ಹತ್ತಿರ ಇದ್ದಿದ್ದಕ್ಕೋ ಏನೋ, ಹಾಸನ ಜಿಲ್ಲೆಯ ಹಟ್ಟಿ, ಕೊಟ್ಟಿಗೆಗಳಲ್ಲಿ ಇನ್ನೂ ಸುಮಾರು ಯೆಜ್ಡಿ ಗೋಣಿಚೀಲ ಹೊದ್ದು ನಿಂತಿವೆ. ಈಗಿನ ಹುಡುಗರು ಅಜ್ಜನ ಗಾಡಿ ಅಂತ ಹೊರಗೆ ತೆಗೆದು, ಬಣ್ಣ ಹೊಡೆಸಿ, ರೋಡಿಗೆ ಇಳಿಸ್ತಿದ್ದಾರೆ. ಒಳ್ಳೇದೇ. ಆದರೆ ಬಣ್ಣ ಹೊಡೆದಷ್ಟು ಸುಲಭಕ್ಕೆ ಎಂಜಿನ್ ಮಾತು ಕೇಳಲ್ಲ.

ಪಕ್ಕದೂರಿನ ಹಿರಿಯರೊಬ್ಬರ ರೋಡ್‌ಕಿಂಗ್ ಹೀಗೇ ಆಗಿತ್ತು. ಮನೆಯಿಂದ ಹೊರಟರೆ ಹತ್ತು ಹನ್ನೆರಡು ಕಿಲೋಮೀಟರ್ ಕುದುರೆ ಥರ ಓಡೋದು. ಆಮೇಲೆ ಏರು ಬಂದ ಕಡೆ ಬಕ್ ಬಕ್ ಅಂತ ಜರ್ಕ್ ಹೊಡೆದು ನಿಂತೇ ಹೋಗೋದು. ಒಂದು ಬೀಡಿ ಸೇದಿ ಮುಗಿಸೋ ಹೊತ್ತಿಗೆ ಮತ್ತೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿದರು, ಆಮೇಲೆ ಕಾಯಿಲ್, ಆಮೇಲೆ ಕಾರ್ಬೊರೇಟರ್ ಕಿಟ್. ಕೊನೆಗೆ ಕಾರ್ಬೊರೇಟರನ್ನೇ ಹೊಸದು ಹಾಕಿದರು. ರೋಗ ಹಾಗೇ ಇತ್ತು. ಆಗ ಬಂತು ಇ20 ಮಾತು.

ಗಾಡಿ ನಿಂತ ಜಾಗದಲ್ಲೇ ಟ್ಯಾಂಕಿನ ಮುಚ್ಚಳ ತೆಗೆದೆ. ಸುಯ್ ಅಂತ ಗಾಳಿ ಒಳಗೆ ಎಳೀತು. ರೋಗ ಗೊತ್ತಾಗಿದ್ದು ಅಲ್ಲೇ. ಪೆಟ್ರೋಲ್ ಚೆಲ್ಲುತ್ತೆ ಅಂತ ಯಾರೋ ಸೈಕಲ್ ಟ್ಯೂಬ್ ಕತ್ತರಿಸಿ ಮುಚ್ಚಳದೊಳಗೆ ವಾಷರ್ ಹಾಕಿದ್ದರು, ಅದು ಗಾಳಿ ತೂತನ್ನೇ ಮುಚ್ಚಿತ್ತು. ಯೆಜ್ಡಿಯಲ್ಲಿ ಪೆಟ್ರೋಲ್ ಪಂಪ್ ಇಲ್ಲ, ಟ್ಯಾಂಕಿನಿಂದ ತಾನಾಗೇ ಕೆಳಗಿಳಿಯಬೇಕು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿ ನೋಡಿ, ಸ್ವಲ್ಪ ಸುರಿದು ನಿಲ್ಲುತ್ತೆ. ಎರಡನೇ ತೂತು ಬೇಕು. ಇಳಿದ ಪೆಟ್ರೋಲಿನ ಜಾಗಕ್ಕೆ ಗಾಳಿ ಬರದಿದ್ದರೆ ಟ್ಯಾಂಕಿನೊಳಗೆ ಎಳೆತ ಹುಟ್ಟುತ್ತೆ, ಪೆಟ್ರೋಲ್ ಇಳಿಯೋದು ಕಮ್ಮಿ ಆಗುತ್ತೆ, ಏರಿನಲ್ಲಿ ಎಂಜಿನ್ ಹೆಚ್ಚು ಕೇಳಿದಾಗ ಸಾಕಾಗಲ್ಲ. ನಿಲ್ಲಿಸಿದಾಗ ಅಲ್ಲಿ ಇಲ್ಲಿ ಸಂದಿಯಿಂದ ಗಾಳಿ ಸೇರಿ ಸರಿಹೋಗುತ್ತೆ. ಡ್ರಿಪ್ ಪೈಪ್‌ಲೈನಿಗೆ ಏರ್ ವಾಲ್ವ್ ಹಾಕಿಸೋ ರೈತರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಯಜಮಾನರು ಮಾತ್ರ, "ನೀನು ಬರೀ ಮುಚ್ಚಳ ತೆಗೆದೆ ಕಣಪ್ಪ, ನಾನು ಏಳು ಸಾವಿರ ಕೊಟ್ಟೆ" ಅಂತ ಇನ್ನೂ ಬೈಕೊಂಡು ಓಡಾಡ್ತಿದಾರೆ.

ನಾನು ಹೇಳೋದು ಇಷ್ಟೇ. ಸಾಮಾನು ಬದಲಾಯಿಸೋದು ರೋಗ ಕಂಡುಹಿಡಿಯೋ ದಾರಿ ಅಲ್ಲ. ಎಲೆ ಹಳದಿ ಆದ ತಕ್ಷಣ ಅಂಗಡಿಯವನು ಕೊಟ್ಟ ಮೂರು ಬಾಟಲಿ ಹೊಡೆಯೋದೂ ಇದೂ ಒಂದೇ. ಮೊದಲು ಗಾಡಿ ಯಾವಾಗ ಮುಗ್ಗರಿಸುತ್ತೆ ಅಂತ ಕೇಳಬೇಕು. ನಿಂತಲ್ಲಿ ಸ್ಲೋ ಹಿಡಿಯಲ್ಲ ಅಂದ್ರೆ ಪೈಲಟ್ ಜೆಟ್ ಕಡೆ ನೋಡಬೇಕು. ಅರ್ಧ ಆಕ್ಸಿಲರೇಟರ್‌ನಲ್ಲಿ ತಡವರಿಸಿದರೆ ನೀಡಲ್ಲು. ಪೂರ್ತಿ ತಿರುಗಿಸಿದಾಗ, ಏರಿನಲ್ಲಿ, ಡಬಲ್ ಕೂತಾಗ ಮಾತ್ರ ಸಾಯ್ತು ಅಂದ್ರೆ ಮೇನ್ ಜೆಟ್ಟು, ಇಲ್ಲಾ ಮೇಲಿಂದ ಬರೋ ಪೆಟ್ರೋಲೇ ಕಮ್ಮಿ. ಬರೀ ಬಿಸಿಯಾದ ಮೇಲೆ ತೊಂದರೆ, ಮುಚ್ಚಳ ತೆಗೆದರೂ ಸರಿಹೋಗಲಿಲ್ಲ ಅಂದ್ರೆ ಪಾಯಿಂಟ್, ಕಂಡೆನ್ಸರ್ ನೋಡಿ. ಬಿಸಿಗೆ ಸೋಲೋ ಕಂಡೆನ್ಸರ್ ಥೇಟ್ ಪೆಟ್ರೋಲ್ ತೊಂದರೆ ಥರಾನೇ ನಾಟಕ ಆಡುತ್ತೆ.

ಆಮೇಲೆ ಅಳತೆ. ಕಾರ್ಬೊರೇಟರ್ ಹತ್ತಿರ ಪೈಪ್ ಕಳಚಿ, ಬಾಟಲಿಗೆ ಬಿಟ್ಟು, ಕಾಕ್ ತೆರೀರಿ. (ಎಂಜಿನ್ ತಣ್ಣಗಿರಲಿ, ಬೀಡಿ ದೂರ ಇರಲಿ.) ಒಂದೆರಡು ನಿಮಿಷ ಒಂದೇ ಸಮ ಧಾರೆ ಬರಬೇಕು. ಜೋರಾಗಿ ಶುರುವಾಗಿ ಹನಿಗೆ ಇಳಿದರೆ ಮುಚ್ಚಳದ ತೂತು. ಮೊದಲಿಂದಲೂ ಸಣ್ಣಗೆ ಬಂದರೆ ಕಾಕಿನ ಜಾಲರಿಯಲ್ಲಿ ತುಕ್ಕು, ಕಸ. ಧಾರೆ ಚೆನ್ನಾಗಿದ್ದು ಗಾಡಿ ಮುಗ್ಗರಿಸಿದರೆ ಆಗ ಮಾತ್ರ ಕಾರ್ಬೊರೇಟರಿಗೆ ಕೈ ಹಾಕಿ. ಹಳೇ ಕಾರ್ಬೊರೇಟರ್ ಮಾರುತಿ 800 ಇಟ್ಕೊಂಡಿರೋರಿಗೂ ಇದೇ ಲೆಕ್ಕ. ಅದರಲ್ಲಿ ಎಂಜಿನ್ನೇ ಓಡಿಸೋ ಡಯಾಫ್ರಂ ಪಂಪ್ ಇರುತ್ತೆ, ಟ್ಯಾಂಕ್ ಹಿಂದೆ ಇರುತ್ತೆ. ಅಲ್ಲಿಂದ ಬರೋ ಪೈಪ್ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಪೆಟ್ರೋಲ್ ಬದಲು ಗಾಳಿ ಎಳೆಯುತ್ತೆ.

ಇನ್ನೊಂದು ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಗಾಡಿ ತಡವರಿಸೋವಾಗಲೇ ಚೋಕ್ ಸ್ವಲ್ಪ ಎಳೀರಿ. ಸುಧಾರಿಸಿತು ಅಂದ್ರೆ ಎಂಜಿನ್ನಿಗೆ ಪೆಟ್ರೋಲ್ ಸಾಲದು. ಇನ್ನೂ ಕೆಟ್ಟಿತು ಅಂದ್ರೆ ಪೆಟ್ರೋಲ್ ಜಾಸ್ತಿ ಆಗ್ತಿದೆ, ಇಲ್ಲಾ ಕಿಡಿ ಸರಿಯಿಲ್ಲ. ಪ್ಲಗ್ ಬಿಚ್ಚಿದರೆ ಅದೂ ಸಾಕ್ಷಿ ಹೇಳುತ್ತೆ. ಬಿಸ್ಕತ್ ಬಣ್ಣ ಇದ್ದರೆ ಆರೋಗ್ಯ, ಸುಣ್ಣದ ಥರ ಬೆಳ್ಳಗಿದ್ದರೆ ಪೆಟ್ರೋಲ್ ಕಮ್ಮಿ, ಒದ್ದೆ ಮಸಿ ಇದ್ದರೆ ಜಾಸ್ತಿ. ಟೂ ಸ್ಟ್ರೋಕಿನವರು ಬೆಳ್ಳಗಿನ ಪ್ಲಗ್ಗಿಗೆ ಹೆದರಲೇಬೇಕು. ಆಯಿಲ್ ಬರೋದೂ ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಮ್ಮಿ ಆದರೆ ಆಯಿಲ್ಲೂ ಕಮ್ಮಿ, ಪಿಸ್ಟನ್ ಜಾಮ್ ಆಗಿ ಚಕ್ರ ಹಿಡಿದುಕೊಂಡರೆ ಓಡಿಸೋನ ಕೈಕಾಲು ಮುರಿಯುತ್ತೆ. ಮುಗ್ಗರಿಸೋ ಗಾಡೀನ "ಹೋಗ್ಲಿ ಬಿಡು" ಅಂತ ಓಡಿಸಬೇಡಿ ಅನ್ನೋದು ಇದಕ್ಕೇ.

ಇನ್ನು ಇ20ಯ ನಿಜವಾದ ಅರ್ಧ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಪ್ರಧಾನಿ ಇದಕ್ಕೆ ಚಾಲನೆ ಕೊಟ್ಟಿದ್ದು. ಮೊದಲು 2030ಕ್ಕೆ ಅಂತ ಇದ್ದ ಗುರಿ ಮುಂಚೆ ಬಂದು, 2025ಕ್ಕೇ ನೂರಕ್ಕೆ 20 ಎಥನಾಲ್ ಆಯಿತು. ಎಥನಾಲ್ ಸುಡೋಕೆ ಗಾಳಿ ಕಮ್ಮಿ ಸಾಕು. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ, ಎಥನಾಲಿಗೆ 9 ಪಾಲು. ಹೊಸ ಗಾಡಿಯ ಕಂಪ್ಯೂಟರ್ ಇದನ್ನ ನೋಡಿಕೊಂಡು ಪೆಟ್ರೋಲ್ ಹೆಚ್ಚಿಸುತ್ತೆ. 1980ರ ಜೆಟ್ಟಿಗೆ ಕಣ್ಣಿಲ್ಲ, ಮುಂಚೆ ಬಿಟ್ಟಷ್ಟೇ ಬಿಡುತ್ತೆ, ಹಾಗಾಗಿ ಎಂಜಿನ್ ಸ್ವಲ್ಪ ಹಸಿದೇ ಓಡುತ್ತೆ. ಹಳೇ ರಬ್ಬರ್ ಪೈಪ್ ಉಬ್ಬುತ್ತೆ. ಟ್ಯಾಂಕಿನ ಹಳೇ ಕೊಳೆ ಬಿಟ್ಟುಕೊಂಡು ಜಾಲರಿಗೆ ಬಂದು ಕೂರುತ್ತೆ. ನೀತಿ ಆಯೋಗದ 2021ರ ವರದಿಯಲ್ಲೇ, ಹಳೇ ವಿನ್ಯಾಸದ ಕಾರುಗಳಿಗೆ 6ರಿಂದ 7, ಬೈಕುಗಳಿಗೆ 3ರಿಂದ 4 ಪರ್ಸೆಂಟ್ ಮೈಲೇಜ್ ಬೀಳುತ್ತೆ ಅಂತ ಬರೆದಿದೆ.

ಇದಕ್ಕಿಂತ ದೊಡ್ಡ ಅಪಾಯ ನೀರು. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ನೀರು ಮಿತಿ ಮೀರಿದರೆ ನೀರೂ ಎಥನಾಲೂ ಸೇರಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತೆ. ಕಾಕ್ ಎಳೆಯೋದೂ ತಳದಿಂದಲೇ, ಅದರಲ್ಲೂ ರಿಸರ್ವ್‌ಗೆ ಹಾಕಿದಾಗ. ಟೂ ಸ್ಟ್ರೋಕಿನಲ್ಲಿ ನಾವು ಹಾಕಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತೆ, ತಳದ ನೀರು ಮಾತ್ರ ಎಂಜಿನ್ನಿಗೆ ಹೋಗುತ್ತೆ. ಅದಕ್ಕೇ ಮಳೆಗಾಲ ಪೂರ್ತಿ ನಿಲ್ಲಿಸಿದ ಗಾಡಿಯ ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕದೇ ಕಿಕ್ ಹೊಡೀಬೇಡಿ. ನಿಮ್ಮ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಅಂತ ನೋಡಬೇಕಾ? ಅಳತೆ ಗೆರೆ ಇರೋ ಗಾಜಿನ ಜಾಡಿಯಲ್ಲಿ 100 ಎಂಎಲ್ ಪೆಟ್ರೋಲಿಗೆ 20 ಎಂಎಲ್ ನೀರು ಹಾಕಿ ಅಲ್ಲಾಡಿಸಿ ಬಿಡಿ. ತಳದ ನೀರಿನ ಪದರ ಬೆಳೆದು 40ರ ಹತ್ತಿರ ಬಂದರೆ ಅದು ಇ20.

ನಾನೇನು ಎಥನಾಲ್ ವಿರೋಧಿ ಅಲ್ಲ. ಚನ್ನರಾಯಪಟ್ಟಣದ ಕಬ್ಬು, ನಮ್ಮ ಜಿಲ್ಲೆಯ ಜೋಳ ಕೊಳ್ಳೋಕೆ ಇನ್ನೊಂದು ಗಿರಾಕಿ ಬಂದರೆ ಬೇಡ ಅನ್ನೋಕೆ ನಾನ್ಯಾರು. ಆದರೆ ಹಳೇ ಗಾಡಿಯವನಿಗೆ ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಬೇಕು ಅಂತ ಹಾಕಿದ್ದ ಅರ್ಜಿಯನ್ನ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಕೋರ್ಟಿನ ಮಾತು ಕೋರ್ಟಿಗೆ. ಆದರೂ ತಾಲ್ಲೂಕಿಗೆ ಒಂದು ಬಂಕಿನಲ್ಲಾದರೂ ಕಮ್ಮಿ ಎಥನಾಲಿನ ಪೆಟ್ರೋಲ್ ಸಿಗೋ ಹಾಗೆ ಮಾಡೋದು ಸರ್ಕಾರ ಮನಸ್ಸು ಮಾಡಿದರೆ ಆಗದ ಕೆಲಸ ಅಲ್ಲ. ಇದು ಶೋಕಿ ಗಾಡಿಯವರ ಕೂಗು ಮಾತ್ರ ಅಂತ ತಿಳೀಬೇಡಿ. ನಮ್ಮ ಪವರ್ ಸ್ಪ್ರೇಯರ್, ಕಳೆ ಕತ್ತರಿಸೋ ಯಂತ್ರ ಎಲ್ಲಾ ಇದೇ ಸಣ್ಣ ಕಾರ್ಬೊರೇಟರ್ ಎಂಜಿನ್ನೇ, ಎಷ್ಟೋ ಟೂ ಸ್ಟ್ರೋಕೇ.

ಆಲೂಗಡ್ಡೆ ಹಾಕಿರೋರಿಗೆ ಗೊತ್ತು, ಮೋಡ ಕಟ್ಟಿ ಜಡಿ ಮಳೆ ಹಿಡಿದ ವಾರ ಅಂಗಮಾರಿ ಬಂತು ಅಂದ್ರೆ ಇವತ್ತು ಹೊಡೆಯೋ ಔಷಧಿ ನಾಡಿದ್ದಿಗೆ ಪ್ರಯೋಜನ ಇಲ್ಲ. ಆ ದಿನವೇ ಸ್ಪ್ರೇಯರ್ ಕೆಮ್ಮಿ ನಿಂತರೆ ಹೊಲ ಕರಿ ಆಗುತ್ತೆ. ಹಾಗಾಗಿ ಈ ವಾರ ಒಂದು ಕೆಲಸ ಮಾಡಿ. ಸ್ಪ್ರೇಯರ್ ಇಳಿಸಿ, ಹೋದ ಬೆಳೆಯಲ್ಲಿ ಉಳಿದ ಪೆಟ್ರೋಲ್ ಚೆಲ್ಲಿ, ಟ್ಯಾಂಕಿನೊಳಗಿನ ಸಣ್ಣ ಫಿಲ್ಟರ್ ತಂತಿಯಲ್ಲಿ ಎಳೆದು ತೊಳೀರಿ, ಪೈಪ್ ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ ಅಂಟು ಅಂಟಾಗಿದ್ದರೆ ಹೊಸ ಪೈಪ್ ಹಾಕಿ, ಜಾಸ್ತಿ ದುಡ್ಡೇನೂ ಆಗಲ್ಲ. ಮುಚ್ಚಳದ ತೂತಿಗೆ ಊದಿ ನೋಡೋದನ್ನ ಮರೀಬೇಡಿ.