ಏರಿನಲ್ಲಿ ಸೋಲುವ ಲಾರಿ

ನಮ್ಮ ನಾಗಪುರಕ್ಕೆ ಕಿತ್ತಳೆಯ ಊರೆಂದು ಹೆಸರು. ಲಾರಿಗಳ ಊರೆಂದರೂ ಸಲ್ಲುವುದು. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೆಯ ಹೆದ್ದಾರಿಯೂ ಪೂರ್ವ ಪಶ್ಚಿಮವಾಗಿ ಹಾಯುವ 53ನೆಯ ಹೆದ್ದಾರಿಯೂ ಇಲ್ಲಿಯೇ ಕೂಡುತ್ತವೆ. ಲಾರಿಗಳಿದ್ದಲ್ಲಿ ಕೆಟ್ಟು ನಿಂತ ಲಾರಿಗಳೂ ಉಂಟು. ಅವನ್ನು ಎಳೆದು ತರಲು ಕ್ರೇನು ಕಟ್ಟಿಸಿಕೊಂಡ ಹಳೆಯ ಲಾರಿಗಳೂ ಉಂಟು. ಅಂಥ ಒಂದೇ ಗಾಡಿಯನ್ನು ನಂಬಿದ ಸಂಸಾರಗಳಿವೆ. ಅದು ನಿಂತ ದಿನ ಮನೆಯ ಖರ್ಚಿಗೂ ತಡೆ ಬಿದ್ದಂತೆಯೇ. ಅಂಥವರಿಗಾಗಿ ಈ ಸಲದ ನಾಲ್ಕು ಮಾತು.

ಎಳೆಯುವ ಗಾಡಿಯ ಕಾಯಿಲೆ ವಿಚಿತ್ರವಾದುದು. ಖಾಲಿ ಓಡುವಾಗ ಆರೋಗ್ಯ. ಹಿಂದೆ ಭಾರ ಕಟ್ಟಿ ಏರು ಹತ್ತಿಸಿದೊಡನೆ ಉಬ್ಬಸ. ಕಾರಣ ಸರಳ. ಸಣ್ಣಗೆ ಬರುವ ನಲ್ಲಿಯ ನೀರು ದಿನದ ಸಂಸಾರಕ್ಕೆ ಸಾಕಾಗುತ್ತದೆ, ಮದುವೆಯ ಮನೆಗೆ ಸಾಲದು. ಭಾರ ಹೆಚ್ಚಿದಾಗ ಎಂಜಿನ್ನು ಹೆಚ್ಚು ಡೀಸೆಲ್ ಕೇಳುತ್ತದೆ. ದಾರಿಯಲ್ಲಿರುವ ತಡೆ ಬಯಲಾಗುವುದು ಆಗಲೇ.

ಅಂಥ ಹೊತ್ತಿನಲ್ಲಿ ಎಲ್ಲರ ಬೈಗಳೂ ಇಂಜೆಕ್ಷನ್ ಪಂಪಿನ ಮೇಲೆ. ಈ ಪಂಪು ಕನ್ನಡಿಗರಿಗೆ ಅಪರಿಚಿತವಲ್ಲ. 1951ರಲ್ಲಿ ಸ್ಥಾಪಿತವಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಇವನ್ನು ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿತು. ತವರಿನ ಸರಕೆಂಬ ಅಭಿಮಾನದಿಂದ ನಾವು ಇದರ ಪರ ವಾದಿಸುತ್ತಿಲ್ಲ. ಒಳಗಿನ ಭಾಗಗಳ ನಡುವಣ ಸಂದು ತಲೆಗೂದಲಿಗಿಂತ ಎಷ್ಟೋ ಸೂಕ್ಷ್ಮ. ಶುದ್ಧ ಡೀಸೆಲ್ ಸಿಕ್ಕರೆ ಬಹುಕಾಲ ಬಾಳುತ್ತದೆ. ಬಿಚ್ಚಿದರೆ ಮಾತ್ರ ಖರ್ಚು ದೊಡ್ಡದು. ಆದುದರಿಂದ ಪರೀಕ್ಷೆ ಟ್ಯಾಂಕಿನಿಂದ ಆರಂಭವಾಗಲಿ, ಪಂಪು ಕಡೆಯದಾಗಲಿ.

ಮೊದಲು ಟ್ಯಾಂಕಿನ ಮುಚ್ಚಳ. ಅದರ ಗಾಳಿಯ ರಂಧ್ರ ಧೂಳಿನಿಂದ ಮುಚ್ಚಿದ್ದರೆ ಒಳಗೆ ನಿರ್ವಾತವಾಗಿ ಡೀಸೆಲ್ ಹರಿಯದು. ಗಾಡಿ ಸೋತಾಗ ಮುಚ್ಚಳ ಸಡಿಲಿಸಿ. ಬುಸ್ ಎಂದು ಗಾಳಿ ಒಳಹೊಕ್ಕರೆ ಕಳ್ಳ ಸಿಕ್ಕಿದಂತೆ. ಎರಡನೆಯದು ನೀರು. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಹನಿ ಕಟ್ಟುತ್ತದೆ. ಫಿಲ್ಟರಿನ ತಳದ ತಿರುಪು ಬಿಚ್ಚಿ ಗಾಜಿನ ಲೋಟಕ್ಕೆ ಸ್ವಲ್ಪ ಹಿಡಿದರೆ ನೀರು ಅಡಿಗೆ ನಿಲ್ಲುವುದು. ಫಿಲ್ಟರೂ, ಫೀಡ್ ಪಂಪಿನ ಪುಟ್ಟ ಜಾಲರಿಯೂ ಕಟ್ಟಿಕೊಂಡಿಲ್ಲವೆಂದು ನೋಡಿಕೊಳ್ಳಬೇಕು.

ಮೂರನೆಯದು ಗಾಳಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಕೊಳವೆಯಲ್ಲಿ ಬಿರುಕಿದ್ದರೆ ಎಂಜಿನ್ನು ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕದು. ಹೊರಗಿನ ಗಾಳಿ ಒಳಗೆ ಸೇರುತ್ತದೆ. ಆದುದರಿಂದ ನೆಲ ಒಣಗಿದೆಯೆಂದು ನಂಬಬೇಡಿ. ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಕೈಪಂಪು ಒತ್ತಿ, ನೊರೆ ಹೋಗಿ ಶುದ್ಧ ಧಾರೆ ಬರುವತನಕ ಬಿಡಬೇಕು. ಅನಂತರ ಇಂಜೆಕ್ಷನ್ ಪಂಪಿನಲ್ಲಿಯೂ ಹಾಗೆಯೇ. ಮರುದಿನ ಮತ್ತೆ ನೊರೆ ಕಂಡರೆ ಎಲ್ಲಿಯೋ ಬಿರುಕಿದೆ ಎಂದರ್ಥ.

ನಾವು ಕಂಡ ಒಂದು ಗಾಡಿಯಲ್ಲಿ ಇವೆಲ್ಲ ಸರಿಯಾಗಿದ್ದುವು. ಪಂಪನ್ನು ಎರಡು ಸಲ ಬಿಚ್ಚಿಸಿ ಒಡೆಯರು ಸಾಲಕ್ಕೆ ಬಿದ್ದಿದ್ದರು. ಕೊನೆಗೆ ಮುದಿ ಮಿಸ್ತ್ರಿಯೊಬ್ಬರು ಶುದ್ಧ ಡೀಸೆಲಿನ ಡಬ್ಬಿಯೊಂದನ್ನು ಬಿಸಿ ಭಾಗಗಳಿಂದ ದೂರದಲ್ಲಿ ಭದ್ರವಾಗಿ ಕಟ್ಟಿ, ಅದರಿಂದ ನೇರವಾಗಿ ಫೀಡ್ ಪಂಪಿಗೆ ಕೊಳವೆ ಕೊಟ್ಟರು. ಗಾಡಿ ಭಾರವನ್ನೆಳೆದು ಸಲೀಸಾಗಿ ಏರಿತು. ಎಂದಮೇಲೆ ದೋಷ ಪಂಪಿನ ಹಿಂದೆ, ಟ್ಯಾಂಕಿನ ಕಡೆಗೆ. ಹುಡುಕಿದರೆ ಗೇಣುದ್ದದ ರಬ್ಬರ್ ಕೊಳವೆ! ಹೊರಗೆ ಹೊಸದರಂತೆ ನುಣುಪು. ಒಳಪದರ ಮಾತ್ರ ಸುಲಿದು ಜೋತುಬಿದ್ದು, ಎಳೆತ ಹೆಚ್ಚಿದಾಗ ಬಾಗಿಲಿನಂತೆ ಮುಚ್ಚಿಕೊಳ್ಳುತ್ತಿತ್ತು. ಈ ಡಬ್ಬಿಯ ಪರೀಕ್ಷೆಯನ್ನು ಪಂಪು ಬಿಚ್ಚುವ ಮೊದಲೇ ಮಾಡಿರೆಂದು ನಿಮ್ಮ ಮಿಸ್ತ್ರಿಗೆ ಹೇಳಿ.

ಡಬ್ಬಿಯಿಂದಲೂ ಗಾಡಿ ಸೋತರೆ ಆಗ ಇಂಜೆಕ್ಟರುಗಳ ಸರದಿ. ಅವುಗಳಿಂದ ಚಿಮ್ಮುವ ಡೀಸೆಲಿಗೆ ಚರ್ಮವನ್ನು ತೂರುವ ಶಕ್ತಿಯುಂಟು. ಸೂಜಿಮೊನೆಯಷ್ಟು ಗಾಯವಾದರೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಕಂಪ್ಯೂಟರಿನ ಹತೋಟಿಯ ಹೊಸ ಗಾಡಿಗಳಲ್ಲಂತೂ ಒತ್ತಡ ಹಲವು ಪಟ್ಟು ಹೆಚ್ಚು. ಎಂಜಿನ್ನು ಓಡುವಾಗ ಅವುಗಳ ಕೊಳವೆಗೆ ಸ್ಪ್ಯಾನರು ತಗಲಿಸಲೇ ಕೂಡದು.

ಇನ್ನೊಂದು ಮಾತು ಹಣಕ್ಕಿಂತ ದೊಡ್ಡದು. ಎಂಜಿನ್ನು ನಿಂತರೆ ಗಾಳಿಯ ಬ್ರೇಕಿಗೆ ಗಾಳಿ ತುಂಬುವ ಯಂತ್ರವೂ ನಿಲ್ಲುತ್ತದೆ. ಏರಿನ ನಡುವೆ, ಹಿಂದೆ ತುಂಬಿದ ಲಾರಿ ಕಟ್ಟಿರುವಾಗ ಹೀಗಾದರೆ ಗತಿಯೇನು? ಉಬ್ಬಸದ ಕಾರಣ ತಿಳಿಯುವ ತನಕ ಬಾಡಿಗೆ ಒಪ್ಪಿಕೊಳ್ಳಬೇಡಿ. ಗಾಡಿ ಸೋತದ್ದು ಖಾಲಿಯಿದ್ದಾಗಲೋ ಭಾರದಲ್ಲೋ, ಟ್ಯಾಂಕು ತುಂಬಿದ್ದಾಗಲೋ ಅರ್ಧವಿದ್ದಾಗಲೋ, ಹೊಗೆ ಕಪ್ಪೋ ಬಿಳಿಯೋ ಎಂದು ಡ್ರೈವರು ಪುಸ್ತಕದಲ್ಲಿ ಬರೆದಿಡಲಿ. ಮಿಸ್ತ್ರಿಗೆ ಅದನ್ನು ತೋರಿಸಿದರೆ ಅರ್ಧ ಕೆಲಸ ಆದಂತೆಯೇ.

ಬ್ರೇಕಿನ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.