ಹೊಳೆ ದಾಟುವ ದೋಣಿಗೆ ದೀಪ ಬೇಡವೇ?

ದೋಣಿಗೆ ಸೋಲಾರ್ ಪ್ಲೇಟು ಹಾಕಬೇಕೆಂದು ಯಾರಾದರೂ ಹೇಳಿದರೆ ರಬಕವಿ ಪೇಟೆಯಲ್ಲಿ ನಗುವವರೇ ಹೆಚ್ಚು. ‘ಮನೀ ಮಾಳಗಿ ಮ್ಯಾಲ ಹಾಕಸಾಕ ರೊಕ್ಕಿಲ್ಲ, ಇನ್ನ ದೋಣೀಗೆಲ್ಲಿಂದ ತರೂದ್ರಿ?’ ಎಂದು ಅಂಗಡಿಕಾರ ಕೇಳಿದರೆ ತಪ್ಪೇನೂ ಇಲ್ಲ. ಆದರೆ ಅದೇ ಅಂಗಡಿಕಾರನ ಸಂಜೆಯ ಗಿರಾಕಿ ಆಚೆ ದಂಡೆಯವನು. ಕತ್ತಲಾದ ಮೇಲೆ ದೋಣಿ ನಡೆಯದೆಂದು ಆತ ಸಾಮಾನು ಕೊಳ್ಳದೆಯೇ ನಾಲ್ಕೂವರೆಗೆ ಹೊಳೆಯ ಕಡೆ ಓಡುತ್ತಾನೆ. ಕೊನೆಯ ಬಸ್ಸು ತಪ್ಪಿದವನಿಗೆ ಮುಂದಿನ ಊರಿನ ಟೆಂಪೋ ಆದರೂ ಸಿಕ್ಕೀತು. ಕೊನೆಯ ದೋಣಿ ತಪ್ಪಿದವನಿಗೆ ದಂಡೆಯೇ ಗತಿ.

ಜಮಖಂಡಿ, ರಬಕವಿ–ಬನಹಟ್ಟಿ, ಬೀಳಗಿ ತಾಲೂಕುಗಳ ಜನ ಹೊಳೆಯೊಂದಿಗೇ ಬೆಳೆದವರು. ಮಹಿಷವಾಡಗಿಯ ಕಡೆಯವರಿಗೆ ದಶಕಗಳ ಕಾಲ ದೋಣಿ, ಬೋಟೇ ಹತ್ತಿರದ ದಾರಿ. ಸೇತುವೆಯ ಬೇಡಿಕೆಯಂತೂ ಚುನಾವಣೆಯಷ್ಟೇ ಹಳೆಯದು. ಕಂಕಣವಾಡಿ, ಮುತ್ತೂರು ಕಡೆಯ ನಡುಗಡ್ಡೆಯಲ್ಲಿ ಹೊಲ ಇರುವವನಿಗೆ ಕಬ್ಬು, ಮೇವು, ಗೊಬ್ಬರ ಎಲ್ಲದಕ್ಕೂ ನೀರು ಅಡ್ಡ. ಮೊದಲು ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ದಾಟುತ್ತಿದ್ದ ಜಾಗಗಳಿದ್ದವು. ಹಿಪ್ಪರಗಿ, ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಆಗಿ, ಕೆಳಗೆ ಆಲಮಟ್ಟಿ ಹಿನ್ನೀರು ನಿಂತ ಮೇಲೆ ಹೊಳೆ ಅಗಲವಾಯಿತು, ಆಳವಾಯಿತು. ಬೆಳೆಗೆ ನೀರು ಬಂತು, ಸಂತೋಷ. ದಾಟುವವನ ಪಾಡು ಏನಾಯಿತೆಂದು ಕೇಳಿದವರು ಕಡಿಮೆ.

ದೋಣಿಯ ಮೇಲೆ ಬಿಸಿಲಿನಿಂದ, ಗಾಳಿಯಿಂದ ಕರೆಂಟು ಮಾಡಿಕೊಳ್ಳುವುದು ಹೊಸ ಮಾತೇನಲ್ಲ. ದೂರ ಸಮುದ್ರಕ್ಕೆ ಹೋಗುವ ಸಣ್ಣ ಹಾಯಿದೋಣಿಗಳವರು ಅದನ್ನು ಬಹಳ ವರ್ಷಗಳಿಂದ ಮಾಡುತ್ತ ಬಂದಿದ್ದಾರೆ. ಇಲ್ಲಿ ಒಂದು ತಮಾಷೆ ನೋಡಿ. ಈ ಭಾಗದ ಜನರಿಗೆ ಮಹದಾಯಿ ಎಂದರೆ ಕಳಸಾ-ಬಂಡೂರಿ, ಬಂದ್, ನ್ಯಾಯಮಂಡಳಿ. ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ಅದೇ ಹೊಳೆಯ ಹೆಸರನ್ನು ನೌಕಾಪಡೆ ಒಂದು ಹಾಯಿದೋಣಿಗೆ ಇಟ್ಟಿತು. ಗೋವಾದಲ್ಲಿ ಕಟ್ಟಿದ ಆ ದೋಣಿಯಲ್ಲಿ ದಿಲೀಪ್ ದೋಂದೆ 2009–10ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. 2012–13ರಲ್ಲಿ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಸುತ್ತಿದರು. ಅದರ ತಂಗಿಯಂತಿರುವ ತಾರಿಣಿಯಲ್ಲಿ 2017–18ರಲ್ಲಿ ಆರು ಜನ ಹೆಣ್ಣುಮಕ್ಕಳು ಹೋಗಿಬಂದರು. 2024–25ರಲ್ಲಿ ಇಬ್ಬರೇ ಹೋಗಿಬಂದರು.

ಹಾಯಿದೋಣಿಯನ್ನು ಗಾಳಿ ಪುಕ್ಕಟೆ ಒಯ್ಯುತ್ತದೆ ನಿಜ. ಆದರೆ ದೀಪ, ರೇಡಿಯೋ, ದಾರಿ ತೋರಿಸುವ ಯಂತ್ರ, ಚುಕ್ಕಾಣಿ ಹಿಡಿಯುವ ಯಂತ್ರ, ಉಪ್ಪುನೀರು ಸಿಹಿ ಮಾಡುವ ಯಂತ್ರ ಇವಕ್ಕೆಲ್ಲ ಬ್ಯಾಟರಿ ಬೇಕು. ಇಂಥ ದೂರದ ದೋಣಿಗಳವರು ಹಿಂಬದಿಗೆ ಕಮಾನು ಕಟ್ಟಿ ಪ್ಲೇಟು ಕೂಡಿಸುತ್ತಾರೆ, ಕಂಬದ ಮೇಲೆ ಸಣ್ಣ ಗಾಳಿಪಂಖ ನಿಲ್ಲಿಸುತ್ತಾರೆ. ಅವರ ದೊಡ್ಡ ತಲೆನೋವು ನೆರಳು. ಪ್ಲೇಟಿನ ಒಂದು ಮೂಲೆಗೆ ಹಾಯಿಯ ನೆರಳೋ ಹಗ್ಗದ ನೆರಳೋ ಬಿದ್ದರೂ ಸಾಕು, ಮುಚ್ಚಿದ್ದು ಅಂಗೈಯಗಲವಾದರೆ ಹೋಗುವ ಕರೆಂಟು ಅದರ ಹಲವು ಪಟ್ಟು. ಒಳಗಿನ ತುಂಡುಗಳು ಸರಪಳಿಯ ಹಾಗೆ ಜೋಡಿಸಿದವು. ಒಂದು ಕೊಂಡಿ ಸೊರಗಿದರೆ ಸಾಲೇ ಸೊರಗುತ್ತದೆ. ಅದಕ್ಕೇ ಎರಡು ಮಗ್ಗುಲಿಗೆ ಎರಡು ಪ್ಲೇಟು ಹಾಕಿ, ಎರಡಕ್ಕೂ ಬೇರೆ ಬೇರೆ ಕಂಟ್ರೋಲರ್ ಕೊಡುತ್ತಾರೆ.

ಇನ್ನು ಗಾಳಿಪಂಖದ ವಿಚಾರ. ಕಪ್ಪತಗುಡ್ಡದ ಮೇಲೆ ತಿರುಗುವ ದೈತ್ಯ ಪಂಖಗಳನ್ನು ಗದಗ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಅಂಥದೇ ಒಂದು ಮರಿಪಂಖ ದೋಣಿಗೂ ಇರಲಿ ಎನಿಸುವುದು ಸಹಜ. ಲೆಕ್ಕ ಬೇರೆ ಹೇಳುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಕರೆಂಟು ಎಂಟು ಪಟ್ಟಾಗುತ್ತದೆ; ಅರ್ಧವಾದರೆ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ನಾಲ್ಕಡಿ ಅಡ್ಡಳತೆಯ ಪಂಖ ಗಂಟೆಗೆ 36 ಕಿಲೋಮೀಟರ್ ಗಾಳಿಯಲ್ಲಿ 180 ವಾಟ್ ಆಸುಪಾಸು ಕೊಟ್ಟರೆ, 18 ಕಿಲೋಮೀಟರಿನಲ್ಲಿ 20–25 ವಾಟ್ ಕೊಟ್ಟೀತು, ಒಂದೆರಡು ಬಲ್ಬಿಗೆ ಆಗುವಷ್ಟು. ಸಮುದ್ರದಲ್ಲಿ ರಾತ್ರಿಯೂ ಗಾಳಿ, ಮೋಡವಿದ್ದರೂ ಗಾಳಿ. ಅಲ್ಲಿ ಅದಕ್ಕೆ ಬೆಲೆ ಇದೆ. ಕೃಷ್ಣೆಯ ಮೇಲೆ ಬಿರುಗಾಳಿ ಬೀಸುವುದು ಆಷಾಢದಲ್ಲಿ. ಮುಂದೆ ಶ್ರಾವಣದ ತನಕ ಹೊಳೆ ಬಂದಿರುತ್ತದೆ, ದೋಣಿ ದಂಡೆಗೆ ಕಟ್ಟಿರುತ್ತದೆ. ಹೊಳೆ ಇಳಿದು ದೋಣಿ ನಡೆಯುವ ಕಾಲಕ್ಕೆ ಗಾಳಿ ಮಲಗಿರುತ್ತದೆ! ಸಾಲದ್ದಕ್ಕೆ ಮೇವಿನ ಹೊರೆ, ಕೊಡೆ, ಹೆಣ್ಣುಮಕ್ಕಳ ಸೆರಗು ಇರುವ ದೋಣಿಯಲ್ಲಿ ತಲೆಯ ಎತ್ತರಕ್ಕೆ ಕತ್ತಿಯಂತೆ ತಿರುಗುವ ಪಂಖ. ಅದು ಬೇಡವೇ ಬೇಡ.

ಹಾಗಾದರೆ ಬಿಸಿಲಿನಿಂದ ಮೋಟರೇ ಓಡಿಸಬಹುದೇ? ಓಡಿಸಬಹುದು, ಕೇರಳದವರು ಓಡಿಸಿ ತೋರಿಸಿದ್ದಾರೆ. ವೈಕಂನಿಂದ ತವಣಕಡವಿಗೆ 2017ರ ಜನವರಿಯಿಂದ ‘ಆದಿತ್ಯ’ ಎಂಬ ಸೋಲಾರ್ ಬೋಟು ನಡೆಸಿದರು. 75 ಮಂದಿ ಕೂಡುವ ಬೋಟು. ಛಾವಣಿ ತುಂಬ 20 ಕಿಲೋವಾಟಿನ ಪ್ಲೇಟು, ಕೆಳಗೆ 20 ಕಿಲೋವಾಟಿನ ಎರಡು ಮೋಟರು. ಎರಡು ಹೊಟ್ಟೆಯ ಅಗಲ ಬೋಟಾದ್ದರಿಂದ ಛಾವಣಿಗೆ ಜಾಗ ಸಿಕ್ಕಿತು, ಓಲಾಟ ಕಡಿಮೆಯಾಯಿತು, ನೀರು ಸೀಳುವ ಶ್ರಮವೂ ಉಳಿಯಿತು. ಅದನ್ನು ನಡೆಸಿದ್ದು ಅಲ್ಲಿನ ಸರಕಾರದ ಜಲಸಾರಿಗೆ ಇಲಾಖೆ. ಬಸ್ಸು ಬಿಡುವ ಹಾಗೆ ಅವರು ಬೋಟು ಬಿಡುತ್ತಾರೆ. ಕೃಷ್ಣೆಯ ದಂಡೆಯ ಪ್ರಯಾಣಿಕನೂ ತೆರಿಗೆ ಕಟ್ಟುವವನೇ ಅಲ್ಲವೇ?

ಆದರೆ ಖಾಸಗಿಯವನ ಸಣ್ಣ ದೋಣಿಗೆ ಈ ಲೆಕ್ಕ ಕೂಡುವುದಿಲ್ಲ. ಹತ್ತು ಎಚ್.ಪಿ. ಯಂತ್ರ ದಿನಕ್ಕೆ ಮೂರು ತಾಸು ಪೂರ್ತಿ ದುಡಿದರೆ ಸುಮಾರು 22 ಯೂನಿಟ್. ಒಂದು ಚದರ ಮೀಟರ್ ಪ್ಲೇಟು ಒಳ್ಳೆಯ ಬಿಸಿಲಿನ ದಿನ ಕೊಡುವುದು ಹೆಚ್ಚುಕಡಿಮೆ ಮುಕ್ಕಾಲರಿಂದ ಒಂದು ಯೂನಿಟ್. ಅಂದರೆ 25 ಚದರ ಮೀಟರ್ ಆದರೂ ಬೇಕು. 20 ಅಡಿ ಉದ್ದ, ಐದಡಿ ಅಗಲದ ದೋಣಿಯನ್ನು ಪೂರ್ತಿ ಮುಚ್ಚಿದರೂ ಹತ್ತು ದಾಟುವುದಿಲ್ಲ, ಆಮೇಲೆ ಮಂದಿ ಎಲ್ಲಿ ಕೂಡಬೇಕು? ಸೋಲಾರ್ ಮಾರುವವರು ಈ ಮಾತು ಹೇಳಲಾರರು.

ಇವತ್ತೇ ಆಗಬಹುದಾದದ್ದು ಇದಕ್ಕಿಂತ ಸಣ್ಣದು, ಜೀವ ಉಳಿಸುವಂಥದು. ಎರಡು ಗುರುತಿನ ದೀಪ, ದಂಡೆ ತೋರಿಸುವ ಒಂದು ದೊಡ್ಡ ಎಲ್‌ಇಡಿ, ತಳದಲ್ಲಿ ತುಂಬುವ ನೀರು ಎತ್ತಿಹಾಕುವ ಸಣ್ಣ ಪಂಪು, ನಾವಿಕನ ಫೋನಿಗೆ ಚಾರ್ಜು. ಎಲ್ಲ ಸೇರಿ ದಿನಕ್ಕೆ ನೂರು ವಾಟ್-ತಾಸು ಸಾಕು. 50 ವಾಟಿನ ಒಂದೇ ಪ್ಲೇಟು, 12 ವೋಲ್ಟಿನ 20 ಆಂಪಿಯರ್-ತಾಸಿನ ಬ್ಯಾಟರಿ ಇದನ್ನು ನಡೆಸುತ್ತವೆ. ಪ್ಲೇಟು ಎರಡಡಿ ಉದ್ದ, ಅದಕ್ಕಿಂತ ತುಸು ಕಮ್ಮಿ ಅಗಲ. ಖರ್ಚು ಒಂದು ಸಾಧಾರಣ ಮೊಬೈಲ್ ಫೋನಿನ ಆಸುಪಾಸು.

ಕೂಡಿಸುವ ಕ್ರಮ ಮಾತ್ರ ಮಾಳಿಗೆಯದಲ್ಲ. ಪ್ಲೇಟಿನ ಕೆಳಗೆ ಗಾಳಿ ಆಡಲು ಒಂದೆರಡು ಇಂಚು ಸಂದಿ ಇರಬೇಕು. ಜಮಖಂಡಿಯ ಏಪ್ರಿಲ್ ಬಿಸಿಲಿಗೆ ಕಾದ ಪ್ಲೇಟು ಕರೆಂಟು ಕಡಿಮೆ ಕೊಡುತ್ತದೆ. ಎತ್ತರದ ಕಂಬದ ಮೇಲೆ ಪ್ಲೇಟನ್ನು ಹಲಗೆಯಂತೆ ನಿಲ್ಲಿಸಿದರೆ ಅದೇ ಹಾಯಿಯಾಗಿ ದೋಣಿಯನ್ನು ಎಳೆಯುತ್ತದೆ. ತಗ್ಗಿಗೆ, ಅಡ್ಡವಾಗಿ, ಸ್ಟೀಲ್ ಬೋಲ್ಟಿನಿಂದ ಬಿಗಿಯಬೇಕು. ಬ್ಯಾಟರಿಯನ್ನು ದೋಣಿಯ ನಡುವೆ, ತಳದ ನೀರು ಮುಟ್ಟದಷ್ಟು ಮೇಲೆ, ಪಟ್ಟಿ ಹಾಕಿ ಕಟ್ಟಬೇಕು. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ನಾಲ್ಕಾಣೆ ಉಳಿಸಲು ಫ್ಯೂಸಿಗೆ ತಂತಿ ಸುತ್ತುವ ಚಟ ದೋಣಿಯಲ್ಲಿ ನಡೆಯದು.

ದೀಪ ಬಂತೆಂದು ನಾವಿಕ ಇನ್ನೂ ಹತ್ತು ಮಂದಿಯನ್ನು ತುಂಬಿದರೆ ದೀಪವೂ ಮುಳುಗೀತು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತದ್ದು ನಡು ಹಗಲಿನಲ್ಲಿ. ಜೀವರಕ್ಷಕ ಜಾಕೀಟು ಇಲ್ಲದ ದೋಣಿಗೆ ಸೋಲಾರ್ ಹಾಕುವುದು ಹರಕು ಅಂಗಿಗೆ ಜರಿ ಹಚ್ಚಿದಂತೆ. 1917ರ ಹಳೆಯ ಕಾಯಿದೆಯ ಜಾಗಕ್ಕೆ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯಿದೆ ಬಂದಿದೆ. ತಾಲೂಕು ಕಚೇರಿಯ ಕಪಾಟಿನಿಂದ ಅದು ಹೊಳೆಯ ದಂಡೆಯ ತನಕ ನಡೆದು ಬರಬೇಕು.

ರೊಕ್ಕ ಯಾರು ಕೊಡಬೇಕು? ಸರಕಾರ ಕೊಡಲಿಲ್ಲವೆಂದು ಕೈಕಟ್ಟಿ ಕೂತ ಊರುಗಳಲ್ಲ ಇವು. 1989ರಲ್ಲಿ ಸಿದ್ದು ನ್ಯಾಮಗೌಡರನ್ನು ಮುಂದಿಟ್ಟುಕೊಂಡು ರೈತರು ತಾವೇ ವಂತಿಗೆ ಹಾಕಿ, ತಾವೇ ದುಡಿದು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿ ನಿಲ್ಲಿಸಿದರು. ಹೊಳೆಗೇ ಗೋಡೆ ಹಾಕಿದ ಜನರಿಗೆ ದೋಣಿಗೊಂದು ದೀಪ ಭಾರವಾಗಲಾರದು. ಆದರೂ ಪ್ರತಿ ಸಾರಿ ಜನರೇ ಯಾಕೆ ಕಿಸೆ ಮುಟ್ಟಿಕೊಳ್ಳಬೇಕು? ಎಲ್ಲೆಲ್ಲಿ ಕಡವು ಲಿಲಾವು ಆಗುತ್ತದೋ ಅಲ್ಲಿ ಬಂದ ಹಣದಿಂದಲೇ ಮೊದಲು ದೀಪ, ಪಂಪು, ಜಾಕೀಟು ಕೊಡಬೇಕು. ಹಿಡಿದವನು ಅವನ್ನು ಸುಸ್ಥಿತಿಯಲ್ಲಿ ಇಡಬೇಕೆಂದು ಷರತ್ತು ಬರೆಯಬೇಕು. ಲಿಲಾವು ಇಲ್ಲದ ಕಡೆ ಪಂಚಾಯತಿ ಕೊಡಲಿ. ಸೇತುವೆ ಆಗುವ ಕಡೆ ಆಗಲಿ, ಬೇಗ ಆಗಲಿ. ನಡುಗಡ್ಡೆಯ ಹೊಲಗಳಿಗೆ ಆಮೇಲೂ ದೋಣಿ ಬೇಕೇ ಬೇಕು. ಜಮಖಂಡಿ, ರಬಕವಿ–ಬನಹಟ್ಟಿ, ಬೀಳಗಿಯ ತಹಶೀಲದಾರರು ಮುಂದಿನ ಹೊಳೆ ಬರುವ ಮೊದಲು ತಮ್ಮ ತಮ್ಮ ದಂಡೆಯ ದೋಣಿಗಳನ್ನು, ಘಟಪ್ರಭೆ ದಾಟುವವರಿದ್ದರೆ ಮುಧೋಳದವರೂ ಸೇರಿ, ಒಮ್ಮೆ ಎಣಿಸಿ ನೋಡಲಿ. ಎಣಿಕೆಗೆ ಹೋಗುವವರು ಸಂಜೆ ಏಳಕ್ಕೆ ಹೋಗಲಿ.